ಬಾಯ್ಲರಜ್ಜನ ಕಿತ್ತಳೆ ಕೇಕು

ಆ ಬೆಳಿಗ್ಗೆ ಮಳೆ ಬಂದಿರಲಿಲ್ಲ, ಮಂಜೂ ಬಿದ್ದಿರಲಿಲ್ಲ. ಆದರೂ ಲೋಕವೆಲ್ಲ ಹಸಿಹಸಿಯಾಗಿತ್ತು. ಹಿಂದಿನ ದಿನ ಹರವಿದ ಬಟ್ಟೆ ಹಗ್ಗದ ಮೇಲೆ ಇನ್ನೂ ತಣ್ಣಗೆ ಜೋಲುತ್ತಿತ್ತು. ಉಪ್ಪಿನ ಡಬ್ಬಿಯಲ್ಲಿ ಚಮಚ ಕಚ್ಚಿಕೊಂಡು ಕೂತಿತ್ತು. ಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತೇ ಹೊರತು ಬೆಂಕಿ ಹತ್ತುತ್ತಿರಲಿಲ್ಲ. ಗಾಳಿ ಯಾರ ಮೇಲೋ ಮುನಿಸಿಕೊಂಡು ಎಲ್ಲೋ ಮುಖ ತಿರುಗಿಸಿ ಕೂತಂತಿತ್ತು.

"ಇಂಥ ದಿನ ಕೇಕಿಗೆ ಕೈ ಹಾಕಬಾರದು. ಒಳಗೆ ಪಸೆ ನಿಂತ್ರೆ ಮೂರು ದಿನಕ್ಕೆ ಬೂಷ್ಟು," ಎಂದಳು ಬಾಯ್ಲರಜ್ಜನ ಹೆಂಡತಿ, ಅಡುಗೆಮನೆಯ ಮೂಲೆಯ ಕುರ್ಚಿಯಲ್ಲಿ ಕೂತು. "ಆದ್ರೆ ದೋಣಿ ನಮ್ಮನ್ನ ಕೇಳಿ ಹೊರಡಲ್ವಲ್ಲ."

ದೋಣಿಯೆಂದರೆ ಹೊಳೆಯ ಮೇಲೆ ಓಡಾಡುವ ಆಸ್ಪತ್ರೆ. ಅವರ ಒಬ್ಬಳೇ ಮಗಳು ಅದರಲ್ಲಿ ನರ್ಸು. ನಾಳೆ ಹೊರಡುವ ಸುತ್ತಿಗೆ ಮೊದಲ ಸಲ ಅವಳೇ ಮುಖ್ಯ ನರ್ಸು. ದೋಣಿ ಒಮ್ಮೆ ದಡ ಬಿಟ್ಟಿತೆಂದರೆ ರಸ್ತೆಯಿಲ್ಲದ ಊರುಗಳನ್ನೆಲ್ಲ ಮುಟ್ಟಿ ಮರಳಲು ವಾರ ಹಿಡಿಯುತ್ತದೆ. ಪ್ರತಿ ಸುತ್ತಿಗೂ ಅಮ್ಮನ ಕಿತ್ತಳೆ ಕೇಕು ಡಬ್ಬಿ ಸೇರಿ ದೋಣಿ ಹತ್ತುತ್ತಿತ್ತು. ಅದರ ಮೇಲೆ ಕೆನೆಯ ಹೂವಿಲ್ಲ, ಬಣ್ಣವಿಲ್ಲ. ಮೊಸರು, ಸಕ್ಕರೆ, ಎಣ್ಣೆ, ಮೈದಾ, ಕಿತ್ತಳೆಯ ಸಿಪ್ಪೆಯ ತುರಿ, ರಸ, ಚಿಟಿಕೆ ಸೋಡಾ, ಇಷ್ಟೇ. ಬೆಣ್ಣೆ ಹಾಕಿದ ಕೇಕು ಮಾರನೇ ದಿನಕ್ಕೇ ಮುಖ ಗಂಟಿಕ್ಕುತ್ತದೆ, ಎಣ್ಣೆಯದು ವಾರವೆಲ್ಲ ನಗುತ್ತಿರುತ್ತದೆ ಎಂದು ಆಕೆ ಬೀದಿಯ ಹೆಂಗಸರಿಗೆಲ್ಲ ಹೇಳಿಕೊಡುತ್ತಿದ್ದಳು. ಹೇಳಿಸಿಕೊಂಡವರು ಮಾಡಿದ್ದು ಅಷ್ಟು ದಿನ ನಿಲ್ಲುತ್ತಿರಲಿಲ್ಲ. ಅದನ್ನು ಅವರೇ ಬಂದು ಹೇಳಿದಾಗ ಆಕೆಯ ಮುಖದಲ್ಲಿ ಮರುಕವೂ ಖುಷಿಯೂ ಒಟ್ಟಿಗೇ ಕಾಣಿಸುತ್ತಿದ್ದವು.

ಈ ಸಲ ಆಕೆಯ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚಲೂ ಕೈ ಮೇಲೇಳುತ್ತಿರಲಿಲ್ಲ.

"ನಾನು ಮಾಡ್ತೀನಿ," ಎಂದಿದ್ದರು ಗಂಡ.

"ನೀವು?" ಆಕೆ ನಕ್ಕ ರಭಸಕ್ಕೆ ಭುಜ ಚಳುಕೆಂದು, ನಗು ಅರ್ಧಕ್ಕೇ ನಿಂತಿತು. "ಹಾಲು ಉಕ್ಕಿಸೋದು ಬಿಟ್ರೆ ಒಲೆ ಮೇಲೆ ನೀವು ಏನು ಮಾಡಿದ್ದೀರಿ?"

ಮಾತು ಸುಳ್ಳಲ್ಲ. ಬೀದಿಯ ಮಕ್ಕಳು ಅವರನ್ನು ಬಾಯ್ಲರಜ್ಜ ಎನ್ನುತ್ತಿದ್ದುದು ಸುಮ್ಮನಲ್ಲ. ಆಯುಷ್ಯದ ದೊಡ್ಡ ಪಾಲನ್ನು ಅವರು ಗಿರಣಿಯ ಬಾಯ್ಲರಿನ ಮುಂದೆ ಕಳೆದಿದ್ದರು. ಅವರು ಪಾಳಿ ಮುಗಿಸಿ ಬರುವಾಗ ಮಗಳು ನಿದ್ದೆಯಲ್ಲಿರುತ್ತಿದ್ದಳು, ಅವಳು ಏಳುವಾಗ ಇವರು ನಿದ್ದೆಯಲ್ಲಿ. ಅನ್ನ, ಬಟ್ಟೆ, ಶಾಲೆ ಯಾವುದಕ್ಕೂ ಕೊರತೆ ಮಾಡಿದವರಲ್ಲ. ಆದರೆ ಮಗಳಿಗೆ ತಮ್ಮ ಕೈಯಾರೆ ಮಾಡಿದ ಒಂದು ತುತ್ತನ್ನೂ ಅವರು ಕೊಟ್ಟಿರಲಿಲ್ಲ. ಇದು ಅವರಿಗೆ ಹೊಳೆದದ್ದೇ ನಿವೃತ್ತರಾದ ಮೇಲೆ. ಹೊಳೆದ ಮೇಲೆ ಪ್ರಾರ್ಥನೆಗೆ ಕೂತಾಗಲೂ ಅದೇ ನೆನಪು ಬಂದು ಪಕ್ಕದಲ್ಲಿ ಕೂರುತ್ತಿತ್ತು. ಒಂದು ಸಲವಾದರೂ ಅವಳು ತಾವು ಮಾಡಿದ್ದನ್ನು ತಿಂದು, ಚೆನ್ನಾಗಿದೆ ಅನ್ನಬೇಕು. ಅಷ್ಟೇ ಆಸೆ.

ಹೆಂಡತಿ ಒಪ್ಪಿದಳು, ಒಂದು ಕರಾರಿನ ಮೇಲೆ.

"ಇದು ನಾನು ಮಾಡಿದ್ದು ಅಂತಲೇ ಹೋಗಬೇಕು. ನನ್ನ ಭುಜದ ಸುದ್ದಿ ಗೊತ್ತಾದ್ರೆ ಅವಳು ದೋಣಿ ಬಿಟ್ಟು ಓಡಿ ಬರ್ತಾಳೆ. ಮೊದಲ ಸಲ ಮುಖ್ಯ ನರ್ಸಾಗಿದ್ದಾಳೆ, ಅದು ತಪ್ಪಬಾರದು." ಸ್ವಲ್ಪ ತಡೆದು ಸೇರಿಸಿದಳು: "ಮತ್ತೆ, ಅಲ್ಲಿ ಎಲ್ರೂ ಅದನ್ನ ಅಮ್ಮನ ಕೇಕು ಅಂತಾನೇ ಕರೀತಾರೆ."

ಅಜ್ಜ ಆಗಲಿ ಎಂದು ತಲೆಯಾಡಿಸಿದರು. ಆಡಿಸಿದ ತಲೆ ನಿಂತ ಮೇಲೆ ಎದೆಯಲ್ಲಿ ಏನೋ ಸಣ್ಣಗೆ ಕುಟುಕಿತು.

ಮೊಸರು ಸಕ್ಕರೆ ಕಲಸುವವರೆಗೆ ಎಲ್ಲ ನೆಟ್ಟಗಿತ್ತು. ಸಕ್ಕರೆಯ ಹರಳು ಬೆರಳಿಗೆ ಸಿಗದ ಹಾಗೆ ಕದಡಿದರು, ಎಣ್ಣೆಯನ್ನು ದಾರದ ಹಾಗೆ ಇಳಿಸಿದರು. ಜರಡಿ ಹಿಡಿದ ಮೈದಾ ಸುರಿದು ಸೌಟು ತಿರುವತೊಡಗಿದಾಗ ಕುರ್ಚಿಯಿಂದ ಕೂಗು ಬಂತು.

"ರೀ, ಕಲ್ಲಿದ್ದಲು ಎಳೀತಿದ್ದೀರಾ? ಮೆಲ್ಲಗೆ! ಹಿಟ್ಟು ಮರೆಯಾದ್ರೆ ಸಾಕು, ಅದನ್ನ ಹೊಡೆದು ಬುದ್ಧಿ ಕಲಿಸಬೇಡಿ."

ಅಚ್ಚು ಓವನ್ನಿನೊಳಗೆ ಹೋಯಿತು. ಅದು ತಗಡಿನ ಬಾಗಿಲಿನ ಹಳೆಯ ಓವನ್ನು. ಒಳಗೇನಾಗುತ್ತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಹೆಂಡತಿ ಔಷಧಿ ನುಂಗಲು ಒಳಕೋಣೆಗೆ ಹೋದಳು. ಅಜ್ಜ ಒಬ್ಬರೇ ಉಳಿದರು.

ಬಾಯ್ಲರ್ ನೋಡಿಕೊಳ್ಳುವವನಿಗೆ ಗುರು ಕಲಿಸಿದ ಮೊದಲ ಪಾಠ, ಬೆಂಕಿಯನ್ನು ಕಣ್ಣಾರೆ ನೋಡದೆ ನಂಬಬೇಡ ಎಂದು. ಆಗಾಗ ಕುಲುಮೆಯ ಬಾಗಿಲು ತೆರೆದು ಜ್ವಾಲೆಯ ಬಣ್ಣ ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಆ ಅಭ್ಯಾಸ ಅವರ ಮೊಣಕೈಯಲ್ಲೇ ಮನೆ ಮಾಡಿಕೊಂಡಿತ್ತು. ಅವರಿಗೇ ತಿಳಿಯದೆ ಕೈ ಹೋಗಿ ಓವನ್ನಿನ ಬಾಗಿಲು ತೆರೆಯಿತು. ಕೇಕು ಆಗಷ್ಟೇ ಅಂಚು ಕಟ್ಟುತ್ತಿತ್ತು. ಸಮಾಧಾನವಾಗಿ ಮುಚ್ಚಿದರು. ತುಸು ಹೊತ್ತಿಗೆ ಮತ್ತೆ ತೆರೆದರು. ನಡುವೆ ಉಬ್ಬು ಎದ್ದಿತ್ತು, ನೋಡಿ ಹಿಗ್ಗಿದರು. ಆ ಹಿಗ್ಗಿಗೆ ಇನ್ನೊಂದು ಸಲ ತೆರೆದರು.

ಹೆಂಡತಿ ಬರುವಾಗ ಕೇಕು ಹೊರಗಿತ್ತು. ಅದರ ನಡುವೆ ಎಮ್ಮೆ ಮಲಗಿ ಎದ್ದುಹೋದಂಥ ಗುಳಿ.

"ಬಾಗಿಲು ತೆಗೆದ್ರಾ?"

"ಬೆಂಕಿ ನೋಡ್ದೆ."

"ಎಷ್ಟು ಸಲ?"

ಅಜ್ಜ ಮೂರು ಬೆರಳು ಎತ್ತಿ ತೋರಿಸಿದರು.

"ಅಯ್ಯೋ ನಮ್ಮಪ್ಪಾ! ಅದು ಗಿರಣಿ ಅಲ್ಲ ಕಣ್ರೀ. ಹೊಟ್ಟೆಯೊಳಗಿನ ಕೂಸನ್ನ ಬೆಳೀತಾ ಇದ್ಯಾ ಅಂತ ಯಾರಾದ್ರೂ ಬಾಗಿಲು ತೆಗೆದು ನೋಡ್ತಾರಾ?"

ಅವರು ಮುಖ ಕೆಳಗೆ ಹಾಕಿ ನಿಂತ ರೀತಿ ನೋಡಿ ಆಕೆಯ ದನಿ ಇಳಿಯಿತು. "ಹೋಗ್ಲಿ ಬಿಡಿ. ಗುಳಿ ಬಿದ್ದದ್ದನ್ನ ನಾವಿಬ್ರೂ ತಿನ್ನೋಣ. ಮೊಸರು ಇನ್ನೂ ಇದೆ. ಆದ್ರೆ ಈ ಸಲ ಓವನ್ನಿಗೆ ಬೆನ್ನು ಹಾಕಿ ಕೂತ್ಕೊಳ್ಳಿ."

ಎರಡನೆಯ ಅಚ್ಚು ಒಳಗಿಟ್ಟು ಅವರು ನೆಲದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು. ಬೆನ್ನಿಗೆ ಕಾವು ತಾಕುತ್ತಿತ್ತು. ಮೊಣಕೈ ತುಡಿಯುತ್ತಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ದಿನಾ ದೇವರ ಮುಂದೆ ಕಣ್ಣು ಮುಚ್ಚುವ ಮನುಷ್ಯ ಅವರು. ಕಾಣದವನ ಕೈಯಲ್ಲಿ ಎಲ್ಲ ಇದೆ ಎಂದು ಹೇಳುವುದು ಬಾಯಿಗೆ ರೂಢಿಯಾಗಿತ್ತು. ಕೈಗೆ ಇನ್ನೂ ಆಗಿಲ್ಲ ಎಂದು ಆ ಹೊತ್ತು ತಿಳಿಯಿತು. ನನ್ನ ಕೆಲಸ ನಾನು ಮಾಡಿದ್ದೀನಪ್ಪಾ, ಇನ್ನು ನಿನ್ನದು, ಎಂದು ಮನಸ್ಸಿನಲ್ಲೇ ಅಂದುಕೊಂಡರು. ತುಡಿತ ಮೆಲ್ಲಗೆ ಇಳಿಯಿತು. ಆಮೇಲೆ ಕಿತ್ತಳೆಯ ವಾಸನೆ ತಾನಾಗಿ ಬಂದು ಅವರನ್ನು ಹುಡುಕಿಕೊಂಡಿತು.

"ಈಗ ತೆಗೀರಿ," ಎಂದಳು ಆಕೆ.

ಕೇಕು ದುಂಡಗೆ, ಸಮನಾಗಿ ಎದ್ದು ನಿಂತಿತ್ತು. ಮೇಲ್ಮೈ ಹುರಿದ ಗೋಧಿಯ ಬಣ್ಣ. ಕಡ್ಡಿ ಚುಚ್ಚಿದರೆ ಒಣಗಿ ಬಂತು. ಅಜ್ಜನ ಎದೆ ಅದಕ್ಕಿಂತ ಎತ್ತರಕ್ಕೆ ಉಬ್ಬಿತ್ತು. ಅವರು ಸುತ್ತ ಒಂದು ಪ್ರದಕ್ಷಿಣೆಯನ್ನೇ ಹಾಕಿದರು. ಬಿಸಿಯಿರುವಾಗಲೇ ಕಿತ್ತಳೆ ರಸದ ತೆಳು ಪಾಕವನ್ನು ಮೇಲೆ ಸವರಿದರು.

"ರಸ ಕುಡೀಲಿ, ಆಮೇಲೆ ಆರಿದ ಮೇಲೆ ಡಬ್ಬಿಗೆ," ಎಂದು ಹೆಂಡತಿ ಶುರುಮಾಡಿದಳು. "ಬಿಸಿ ಇರುವಾಗ ಮುಚ್ಚಿದ್ರೆ ಒಳಗೆ ಆವಿ..."

"ಆವಿ ವಿಷಯ ನನಗೆ ಹೇಳಬೇಡ," ಎಂದರು ಅಜ್ಜ. ಆ ದಿನ ಅವರು ಗತ್ತಿನಿಂದ ಆಡಿದ ಮೊದಲ ಮಾತು ಅದು.

ಆವಿಯ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುವ ಅಗತ್ಯವಿರಲಿಲ್ಲ. ಮೇಲೆ ತಣ್ಣಗಿದ್ದರೂ ಒಡಲಲ್ಲಿ ಬಿಸಿ ಅಡಗಿ ಕೂತಿರುತ್ತದೆ, ಮುಚ್ಚಳ ಬಿದ್ದೊಡನೆ ಅದು ಬೆವರಾಗುತ್ತದೆ. ಕೇಕನ್ನು ತಂತಿಯ ಚೌಕಟ್ಟಿನ ಮೇಲಿಟ್ಟು ಅಡಿಗೂ ಗಾಳಿಯಾಡುವಂತೆ ಮಾಡಿದರು. ಮಧ್ಯಾಹ್ನ ಹೆಂಡತಿ ಮುಟ್ಟಿ ನೋಡಿ, "ಆಯ್ತು, ಹಾಕಿ," ಎಂದಳು. ಅಜ್ಜ ಕೊಳವೆಯ ಕಾವು ನೋಡುವ ಹಾಗೆ ಮುಂಗೈಯ ಹಿಂಬದಿಯನ್ನು ಅಡಿಗೆ ತಾಕಿಸಿ, "ಇನ್ನೂ ಇದೆ," ಎಂದರು. ಸಂಜೆಯಾಯಿತು. "ರೀ, ಆಯ್ತಲ್ರೀ!" "ನಡುವೆ ಇನ್ನೂ ಉಸಿರಾಡ್ತಿದೆ." ಡಬ್ಬಿಯನ್ನೂ ಒಲೆಯ ಪಕ್ಕ ಇಟ್ಟು ಅದರ ಹಸಿಯನ್ನೆಲ್ಲ ಓಡಿಸಿ, ಅದನ್ನೂ ಆರಿಸಿದರು. ದೀಪ ಹಚ್ಚುವ ಹೊತ್ತಿಗೆ ಕೇಕು ಕಾಗದ ಸುತ್ತಿಕೊಂಡು ಡಬ್ಬಿ ಸೇರಿತು.

ಮಾರನೇ ಬೆಳಿಗ್ಗೆ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ದಡಕ್ಕೆ ಹೋದರು. ಮಗಳು ಬಿಳಿ ಉಡುಪಿನಲ್ಲಿ ಔಷಧಿಯ ಪೆಟ್ಟಿಗೆಗಳನ್ನು ಎಣಿಸುತ್ತ ಎಲ್ಲರಿಗೂ ಕೆಲಸ ಹೇಳುತ್ತಿದ್ದಳು. ದೋಣಿ ನಡೆಸುವವನು ಡಬ್ಬಿ ಕಂಡದ್ದೇ ಕೂಗಿದ:

"ಬಂತಪ್ಪಾ! ಇನ್ನು ಹೊರಡಬಹುದು. ಡೀಸೆಲ್ ಇಲ್ಲದೆ ಬೇಕಾದ್ರೆ ಹೊರಟೇನು, ಅಮ್ಮನ ಕೇಕಿಲ್ಲದೆ ಇಲ್ಲ."

"ಅಪ್ಪಾ, ನೀನ್ಯಾಕೆ ಬಂದೆ? ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ರೆ ಸಾಕಿತ್ತಲ್ಲ," ಎಂದಳು ಮಗಳು.

"ಸುಮ್ನೆ. ನಿನ್ನ ದೋಣಿ ನೋಡೋಣ ಅಂತ." ಡಬ್ಬಿಯನ್ನು ಅವಳ ಕೈಗಿಟ್ಟರು. ಬಿಡುವಾಗ ಬೆರಳು ಸ್ವಲ್ಪ ತಡಮಾಡಿದವು. "ಅಂಚಿಂದ ಕತ್ತರಿಸಬೇಡ. ನಡುವಿಂದ ತುಂಡು ತೆಗೆದು, ಎರಡೂ ಕಡೆಯ ಅರ್ಧ ಒತ್ತಿ ಕೂಡಿಸಿಡು. ಕತ್ತರಿಸಿದ ಮುಖ ಗಾಳಿಗೆ ಬೀಳಲ್ಲ, ಒಣಗಲ್ಲ."

ಮಗಳು ಹುಬ್ಬೇರಿಸಿದಳು. "ನಿನಗೆ ಇದೆಲ್ಲ ಯಾವಾಗಿಂದ ಗೊತ್ತು?"

"ಅಮ್ಮ ಹೇಳಿ ಕಳಿಸಿದ್ಲು," ಎಂದು ಅಜ್ಜ ಹೊಳೆಯ ಕಡೆ ನೋಡಿದರು.

ದೋಣಿ ತಿರುವಿನಲ್ಲಿ ಮರೆಯಾಗುವವರೆಗೂ ಅವರು ದಡದಲ್ಲೇ ಇದ್ದರು. ಮಗಳು ಮುಂದಿನ ಅಂಚಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಹಾಗೆ ನಿಲ್ಲುವುದು ಅವರದೇ ಅಭ್ಯಾಸ; ಬಾಯ್ಲರಿನ ಮುಂದೆ ಅವರೂ ಹಾಗೇ ನಿಲ್ಲುತ್ತಿದ್ದರು. ಹೆಮ್ಮೆಗೆ ಕಣ್ಣು ಮಂಜಾಯಿತು.

ಆಮೇಲಿನ ದಿನಗಳಲ್ಲಿ ಅವರ ಜೀವ ಡಬ್ಬಿಯೊಳಗೇ ಇತ್ತು. ಮೂರನೆಯ ದಿನ ಊಟಕ್ಕೆ ಕೂತು, "ಬೂಷ್ಟು ಬಂದಿದ್ರೆ?" ಎಂದರು. "ಬಂದಿದ್ರೆ ನನ್ನ ಹೆಸರು ಹೋಗುತ್ತೆ, ನಿಮ್ಮದಲ್ಲ. ಉಣ್ಣಿ," ಎಂದಳು ಹೆಂಡತಿ. ಆಕೆಗೂ ಅನ್ನ ಇಳಿಯುತ್ತಿರಲಿಲ್ಲವೆಂದು ತಟ್ಟೆ ಹೇಳುತ್ತಿತ್ತು.

ದೋಣಿ ಸಿಗ್ನಲ್ ಸಿಗುವ ಊರು ತಲುಪಿದ ಮೇಲೆ ಫೋನು ಬಂತು. ಹೆಂಡತಿ ಎತ್ತಿಕೊಂಡಳು. ಮಗಳ ದನಿ ಯಾವತ್ತೂ ದೊಡ್ಡದು. ಅಜ್ಜನಿಗೆ ನಿಂತಲ್ಲಿಗೇ ಕೇಳಿಸಿತು.

"ಅಮ್ಮಾ! ಈ ಸಲ ಕೇಕಿಗೆ ಏನು ಮಾಡಿದ್ಯೇ? ಈಗಷ್ಟೇ ಕೊನೇ ತುಂಡು ಮುಗೀತು. ಮೊದಲ ದಿನ ಹೇಗಿತ್ತೋ ಹಾಗೇ. ಡಾಕ್ಟ್ರು ತುಂಡು ಕೈಯಲ್ಲಿಟ್ಕೊಂಡು ಮೂಸಿ ಮೂಸಿ ನೋಡ್ತಿದ್ರು. ಪ್ರತಿ ಸಲ ಮೇಲಿನ ಪದರ ಬೆವತು ಕಾಗದಕ್ಕೆ ಅಂಟ್ಕೊಂಡು ಬರ್ತಿತ್ತು, ಈ ಸಲ ಸ್ವಲ್ಪಾನೂ ಅಂಟಿಲ್ಲ!"

"ಪ್ರತಿ ಸಲ ಅಂಟ್ತಿತ್ತಾ?" ಎಂದಳು ಹೆಂಡತಿ.

"ನೀನು ಬೇಜಾರು ಮಾಡ್ಕೋತೀಯ ಅಂತ ಹೇಳ್ತಿರಲಿಲ್ಲ. ಅಂಟಿದ್ದನ್ನ ಎಲ್ರೂ ಜಗಳ ಮಾಡ್ಕೊಂಡು ಕೆರೆದು ತಿಂತಿದ್ವಿ ಬಿಡು. ಆದ್ರೆ ಇದೇ ನೋಡು ನೀನು ಮಾಡಿದ್ರಲ್ಲೆಲ್ಲ ಮೇಲು."

ಅಜ್ಜ ಗೋಡೆಗೆ ಒರಗಿಕೊಂಡರು. ಅವಳು ತಿಂದಿದ್ದಾಳೆ. ಚೆನ್ನಾಗಿದೆ ಅಂದಿದ್ದಾಳೆ. ಅವರು ಬೇಡಿದ್ದು ಅಷ್ಟೇ, ಅದು ಸಿಕ್ಕಿತ್ತು. ಹೆಂಡತಿ ತಮ್ಮ ಕಡೆ ತಿರುಗಿದ್ದು ಕಂಡು, ಏನೂ ಹೇಳಬೇಡ ಎಂದು ಕೈಸನ್ನೆ ಮಾಡಿದರು.

ಆಕೆ ಒಂದು ಕ್ಷಣ ಅವರನ್ನೇ ನೋಡಿದಳು. ಸಂಜೆಯವರೆಗೂ ಮುಚ್ಚಳ ಹಾಕಲು ಬಿಡದೆ ಕೇಕಿನ ಅಡಿಗೆ ಮುಂಗೈ ಹಿಡಿದು ನಿಂತಿದ್ದ ಮುದುಕನನ್ನು.

"ಇದು ನನ್ನ ಕೈಯದ್ದಲ್ಲ ಮಗಳೇ," ಎಂದಳು. ದನಿ ಯಾವತ್ತಿನಂತೆಯೇ ಇತ್ತು. "ನನ್ನ ಭುಜ ಹಿಡ್ಕೊಂಡಿದೆ. ಗಾಬರಿ ಬೀಳಬೇಡ, ದೋಣಿ ಬಿಟ್ಟು ಬಂದೀಯಾ ಮತ್ತೆ! ಔಷಧಿ ನಡೀತಿದೆ. ಇದು ಪೂರ್ತಿ ನಿಮ್ಮಪ್ಪನದು."

ಆ ಕಡೆಯಿಂದ ಬರೀ ನೀರಿನ ಸದ್ದು ಕೇಳಿಸುತ್ತಿತ್ತು. ಆಮೇಲೆ, ಅದೇ ದೊಡ್ಡ ದನಿ ತೀರ ಸಣ್ಣದಾಗಿ, "ಅಪ್ಪ ಎಲ್ಲಿ?" ಎಂದಿತು.

ಹೆಂಡತಿ ಎದ್ದು ಬಂದು ಎಡಗೈಯಿಂದ ಗಂಡನ ಅಂಗೈಯನ್ನು ಬಿಡಿಸಿ, ಫೋನನ್ನು ಅದರೊಳಗಿಟ್ಟಳು.