ಸಣ್ಣತಾಯಮ್ಮನ ಹಿತ್ತಿಲಲ್ಲಿ ಬಿದ್ದ ಕಲ್ಲು

ಮಂಜುಶ್ರೀಗೆ ಕಿಡ್ನಿಯಲ್ಲಿ ಕಲ್ಲಾಗಿದ್ದು ಯಾರ ಕಣ್ಣು ತಗುಲಿಯೂ ಅಲ್ಲ. ಮಂಡ್ಯ–ಕಿರುಗಾವಲು ಬಸ್ಸಿನ ಕಂಡಕ್ಟರ್ ಅವಳು. ಬೆಳಿಗ್ಗೆ ಆರಕ್ಕೆ ಹತ್ತಿದರೆ ಮಧ್ಯಾಹ್ನ ಎರಡರವರೆಗೆ ಗಂಟಲಿಗೆ ತೊಟ್ಟು ನೀರು ಇಳಿಸುತ್ತಿರಲಿಲ್ಲ. ಕುಡಿದರೆ ಹೋಗಬೇಕಲ್ಲ, ಹೋಗುವುದೆಲ್ಲಿಗೆ? ಡ್ರೈವರ್ ಹೊನ್ನಯ್ಯನಿಗೇನು, ಗಂಡಸು, ಯಾವ ಹುಣಸೆಮರದ ಮರೆಯಾದರೂ ಆದೀತು. ಯಾರದೋ ಕುರಿ ಇಳಿಸಲು, ಯಾರದೋ ವಾಂತಿಗೆ, ಮರೆತುಬಂದ ಚೀಲಕ್ಕೆ, ಎಲ್ಲಕ್ಕೂ ಸೀಟಿ ಊದಿ ಬಸ್ಸು ನಿಲ್ಲಿಸಿದವಳು ತನಗಾಗಿ ಒಂದು ದಿನವೂ ಊದಲಿಲ್ಲ. ಆರು ವರ್ಷ ಹೀಗೇ ಕಳೆದಿದ್ದಳು, ಪುಣ್ಯಾತಗಿತ್ತಿ!

ಮಂಡ್ಯದ ಆಸ್ಪತ್ರೆಯಲ್ಲಿ ಕತ್ತಿ ಕತ್ತರಿ ಮುಟ್ಟದೆ, ಹೊರಗಿನಿಂದಲೇ ಮಿಷನ್ನಿನಲ್ಲಿ ಹೊಡೆದು ಕಲ್ಲು ಒಡೆದರು. ಮುಕ್ಕಾಲು ಗಂಟೆ ಸೊಂಟದ ಮೇಲೆ ಟಕ್ ಟಕ್ ಅಂತ, ಯಾರೋ ರಬ್ಬರ್ ಬ್ಯಾಂಡ್ ಎಳೆದೆಳೆದು ಬಿಟ್ಟ ಹಾಗೆ. ಆಮೇಲೆ ಡಾಕ್ಟರ್ ಅರುಂಧತಿ ಹೇಳಿದರು: “ಒಡೆಯೋದು ನಮ್ಮ ಕೆಲಸ, ಹೊರಗೆ ತಳ್ಳೋದು ನೀರಿನ ಕೆಲಸ. ದಿನಕ್ಕೆ ಮೂರು ಲೀಟರ್ ಕುಡೀರಿ. ಸೋಸಿ ನೋಡಿ, ಚೂರು ಸಿಕ್ಕರೆ ತನ್ನಿ. ಹದಿನೈದು ದಿನದಲ್ಲಿ ಬೀಳದಿದ್ದರೆ ಆಪರೇಷನ್ ಮಾಡಬೇಕಾಗುತ್ತೆ.”

ಆಪರೇಷನ್ ಅಂದದ್ದೇ ತಡ, ರಜೆಯ ನಾಲ್ಕು ದಿನ ಬಿಂದಿಗೆಗಟ್ಟಲೆ ಕುಡಿದಳು. ಒಂದಿಷ್ಟು ಪುಡಿಯೂ ಬಿತ್ತು. ಆದರೆ ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಇದ್ದಾವು? ಐದನೆಯ ದಿನ ಡ್ಯೂಟಿಗೆ ಹೋದಳು, ನೀರಿನ ಬಾಟಲಿ ಮುಚ್ಚಳವೂ ತೆರೆಯದೆ ಹಾಗೇ ಮನೆಗೆ ಬಂತು. ಮರುದಿನವೂ ಅದೇ ಕಥೆ.

ಹದಿಮೂರನೆಯ ದಿನ, ಕಿರುಗಾವಲು ಇನ್ನು ಎರಡು ಮೈಲಿ ಇದೆ ಅನ್ನುವಾಗ, ನೋವು ಸೊಂಟದಿಂದ ಕಿಬ್ಬೊಟ್ಟೆಗೆ ಹಿಂಡಿಕೊಂಡು ಇಳಿಯಿತು. ಬೆಳಗಿನಿಂದ ತಡೆದಿದ್ದು ಬೇರೆ. ಮುಗೀತು, ಇನ್ನು ಆಪರೇಷನ್ನೇ ಅಂದುಕೊಂಡು ಕಂಬಿ ಹಿಡಿದು ಕುಸಿದಳು.

ಕನ್ನಡಿಯಲ್ಲಿ ನೋಡಿದ ಹೊನ್ನಯ್ಯ ಬ್ರೇಕು ಹಾಕಿದ. “ಯಾಕವ್ವ, ಏನಾಯ್ತು?”

“ಅಣ್ಣ, ನಾನು... ಒಸಿ ಇಳೀಬೇಕು.”

ಅಷ್ಟೇ ಮಾತು. ಅದನ್ನು ಆಡಲು ಆರು ವರ್ಷ ಹಿಡಿದಿತ್ತು ನೋಡಿ. ರಸ್ತೆ ಪಕ್ಕದ ಮನೆಯ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಸಣ್ಣತಾಯಮ್ಮ ಇಳಿದುಬಂದ ಇವಳ ಮುಖ ನೋಡಿದ್ದೇ ಎದ್ದಳು. “ಇತ್ಲಲ್ಲಿ ಕಕ್ಕಸ್ ಅದೆ ಓಗವ್ವ, ಬಾಗ್ಲು ತೆಗ್ದದೆ. ಕೇಳದೇನು ಅದ?”

ಬಸ್ಸಿನಲ್ಲಿ ಒಬ್ಬ ಗೊಣಗಿದ: “ಟೈಮಾಯ್ತು ಕಣ್ರೀ.”

ಹೊನ್ನಯ್ಯ ಎಂಜಿನ್ ಆರಿಸಿದ. “ನಿಂಗ್ ಅರ್ಜೆಂಟಾದಾಗ ಬಸ್ಸು ನಿಲ್ಸಿಲ್ವೇನ್ಲಾ ಅವಳು? ತೆಪ್ಪಗ್ ಕುಂತ್ಕೊ.”

ಹಿತ್ತಿಲಲ್ಲಿ ಮಂಜುಶ್ರೀಗೆ ಪ್ರಾಣ ಹೋಗಿ ಬಂದಂತಾಯಿತು. ಚೀಲದಲ್ಲಿಟ್ಟುಕೊಂಡಿದ್ದ ಟೀ ಜರಡಿ ಹಿಡಿದಿದ್ದಳು. ಅದರಲ್ಲಿ ಟಣ್ ಎಂದಿತು. ರಾಗಿಕಾಳಿನಂಥವು ಮೂರು, ಅವರೆಯ ಅರ್ಧದಷ್ಟು ದಪ್ಪನೆಯದು ಒಂದು. ನೋವು ಕರೆಂಟು ಹೋದ ಹಾಗೆ ಹೋಯಿತು. ಗೋಡೆಗೆ ಹಣೆಯಿಟ್ಟು ಅತ್ತಳು, ನಕ್ಕಳು, ಮತ್ತೆ ಅತ್ತಳು. ಅಪ್ಪಾ ದೇವರೇ, ಬದುಕಿದೆ!

ಹೊರಗೆ ಬಂದವಳ ಕೈಗೆ ಸಣ್ಣತಾಯಮ್ಮ ಕುಡಿಯುವ ನೀರಿನ ಚೊಂಬು ಕೊಟ್ಟಳು. ವಿಷಯ ಕೇಳಿ ರೇಗಿದಳು. “ಆರ್ ವರ್ಸದಿಂದ ನನ್ ಬಾಗ್ಲ ಮುಂದೇನೆ ಸೀಟಿ ಊದ್ಕಂಡ್ ಓಯ್ತಾ ಇದ್ದೀಯ. ಒಂದ್ ಮಾತು ಕೇಳಿದ್ರೆ ಬ್ಯಾಡ ಅಂತಿದ್ನಾ? ಬಾಯಿಲ್ವಾ ನಿಂಗೆ?”

ಸೋಮವಾರದ ಸ್ಕ್ಯಾನಿಂಗಿನಲ್ಲಿ ಏನೂ ಉಳಿದಿರಲಿಲ್ಲ. ಆಪರೇಷನ್ ಇಲ್ಲ ಎಂದು ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ಅವಳು ನಾಲ್ಕು ಸಲ ಓದಿದಳು.

ಮರುದಿನ ಕಿರುಗಾವಲು ಹತ್ತಿರವಾದಾಗ ಸಣ್ಣತಾಯಮ್ಮನ ಮನೆ ಕಂಡಿತು. ಮಂಜುಶ್ರೀ ಬಾಟಲಿ ತೆಗೆದು, ತುಂಬಿದ ಬಸ್ಸಿನೆದುರು, ಕೊನೆಯ ಗುಟುಕಿನವರೆಗೂ ಕುಡಿದಳು. ಆಮೇಲೆ ತನಗೋಸ್ಕರ ಜೋರಾಗಿ ಸೀಟಿ ಊದಿದಳು.