ಮೂವತ್ತನೆಯ ಸಹಿ

ನಗರ ವೈದ್ಯರ ಬಳಗದ ಸಭೆಯನ್ನು ಡಾಕ್ಟರ್ ವೃಷಭೇಂದ್ರಪ್ಪ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಲವೂ ತಪ್ಪಿಸಿಕೊಂಡವರಲ್ಲ. ಕೇಳಿದವರು ಭೇಷ್ ಅನ್ನಬೇಕು. ಆದರೆ ಹೋಗಿ ಅವರು ಮಾಡುತ್ತಿದ್ದುದು ಎರಡೇ ಕೆಲಸ, ಸಹಿ ಮತ್ತು ಊಟ. ಇವೆರಡರ ನಡುವೆ ಹಿಂದಿನ ಸಾಲಿನ ಫ್ಯಾನಿನ ಕೆಳಗೆ ಕೂತು ಒಂದು ಸಣ್ಣ ನಿದ್ದೆ ತೆಗೆಯುತ್ತಿದ್ದರು.

ಸಹಿ ಅಂದೆನಲ್ಲ, ಅದೂ ಒಂದಲ್ಲ, ಎರಡು. ಒಂದು ತಮ್ಮದು, ಇನ್ನೊಂದು ಗೆಳೆಯ ಡಾಕ್ಟರ್ ಏಕಾಂತಯ್ಯನದು. ಬಳಗದ ಸಭೆ ಮೂರು ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ. ಮೊದಲು ಯಾರೋ ದೊಡ್ಡ ಡಾಕ್ಟರ ಉಪನ್ಯಾಸ, ಆಮೇಲೆ ಬಳಗದ ವ್ಯವಹಾರ, ಆಮೇಲೆ ಊಟ. ಉಪನ್ಯಾಸ ಕೇಳಿದ್ದಕ್ಕೆ ಅಂಕ ಸಿಗುತ್ತದೆ, ಅಂಕ ಸೇರಿದರೆ ವೈದ್ಯರ ನೋಂದಣಿ ನವೀಕರಣ ಆಗುತ್ತದೆ. ಏಕಾಂತಯ್ಯನಿಗೆ ಮಾತ್ರ ಭಾನುವಾರ ಬೆಳಿಗ್ಗೆ ಪುರುಸೊತ್ತೇ ಇರಲಿಲ್ಲ. ಉದಯಗಿರಿಯ ಒಂದು ಬಾಡಿಗೆ ಇಲ್ಲದ ಕೋಣೆಯಲ್ಲಿ ಮೆಕ್ಯಾನಿಕ್ಕುಗಳನ್ನು, ಕೂಲಿಯವರನ್ನು, ಅವರ ಹೆಂಡತಿ ಮಕ್ಕಳನ್ನು ಪುಕ್ಕಟೆ ನೋಡುತ್ತಿದ್ದ.

"ನೀನು ಅಲ್ಲಿ ನನ್ನ ಸಹಿ ಹಾಕ್ಬುಡು ಕಣೋ, ನಾನು ಇಲ್ಲಿ ನಾಲ್ಕು ಜನಾನ ನೋಡ್ತೀನಿ" ಅನ್ನುತ್ತಿದ್ದ.

ತಪ್ಪೇ, ನಿಜ. ಆದರೆ ಎದುರಿಗೆ ಕೂತು ಗೊರಕೆ ಹೊಡೆಯುವವರಿಗೆ ಸಿಗುವ ಅಂಕ ಅವನಿಗೆ ಸಿಗಬಾರದೇ ಅಂತ ವೃಷಭೇಂದ್ರಪ್ಪನವರ ವಾದ. ಹಾಕಿ ಹಾಕಿ ಅವನ ಸಹಿ ಅವನಿಗಿಂತ ಇವರಿಗೇ ಚೆನ್ನಾಗಿ ಬರುತ್ತಿತ್ತು.

ಏಕಾಂತಯ್ಯ ಪ್ರತಿಯಾಗಿ ಕೇಳುತ್ತಿದ್ದುದು ಒಂದೇ. "ಲೇ ವೃಷಭ, ಒಂದ್ ಭಾನುವಾರ ಬಾರೋ. ಕಿವಿ ಸೋರೋ ಮಕ್ಕಳು ಎಷ್ಟು ಬರ್ತವೆ ಗೊತ್ತಾ? ನಂಗೆ ಜ್ವರ, ಸಕ್ಕರೆ ಬಿಟ್ರೆ ಏನ್ ತಿಳೀತದೆ?"

ವೃಷಭೇಂದ್ರಪ್ಪ ಕಿವಿ, ಮೂಗು, ಗಂಟಲಿನ ಡಾಕ್ಟರು. ದಟ್ಟಗಳ್ಳಿಯಲ್ಲಿ ಸ್ವಂತ ಕ್ಲಿನಿಕ್ಕು, ಭಾನುವಾರ ರಜಾ. "ಮುಂದಿನ ವಾರ ಬಂದೆ ಕಣೋ" ಅನ್ನುವರು. ಆ ಮುಂದಿನ ವಾರ ಎಣ್ಣೆಸ್ನಾನ, ಅದರ ಮುಂದಿನ ವಾರ ಬೀಗರ ಮನೆ, ಇನ್ನೊಂದು ವಾರ ಸುಮ್ಮನೆ ಮೈಭಾರ. ಸೋಮಾರಿತನ, ಮತ್ತೇನಿಲ್ಲ. ಹೀಗೇ ಇಪ್ಪತ್ತೆರಡು ವರ್ಷ ಕಳೆದವು. ಹೋದ ಸಭೆಯ ಮಾರನೆಯ ವಾರ ಏಕಾಂತಯ್ಯ ಮಲಗಿದ್ದವನು ಏಳಲಿಲ್ಲ.

ಈ ಸಲದ ಸಭೆ ಶುರುವಾದದ್ದೇ ಅವನಿಗೆ ಒಂದು ನಿಮಿಷದ ಮೌನದಿಂದ. ವೃಷಭೇಂದ್ರಪ್ಪ ಎದ್ದು ನಿಂತರು. ಕಣ್ಣು ಒದ್ದೆಯಾಯಿತು. ಕರ್ಚೀಫು ತೆಗೆದು ಒರೆಸಿಕೊಂಡರು. ಅದೇನೂ ನಾಟಕವಲ್ಲ, ಗೆಳೆಯ ಹೋದಾಗಿನಿಂದ ಅವರಿಗೆ ಅನ್ನ ರುಚಿಸುತ್ತಿರಲಿಲ್ಲ.

ಉಪನ್ಯಾಸ ಮುಗಿಯಿತು. ಬಳಗದ ಕಾರ್ಯದರ್ಶಿ ಡಾಕ್ಟರ್ ಹೇಮಶ್ರೀ ಮೈಕಿನ ಮುಂದೆ ಬಂದಳು. ಮೂವತ್ತೈದರ ಹುಡುಗಿ, ಆಸ್ಪತ್ರೆಯೊಂದರಲ್ಲಿ ಕೆಲಸ. ಏಕಾಂತಯ್ಯ ಹೋದ ಮೇಲೆ ಉದಯಗಿರಿಯ ಕೋಣೆಯನ್ನು ಎರಡು ವಾರಕ್ಕೊಮ್ಮೆಯಾದರೂ ತೆರೆಯುತ್ತಿದ್ದವಳು ಅವಳೊಬ್ಬಳೇ. ಮಿಕ್ಕ ಭಾನುವಾರ ಅವಳಿಗೆ ಆಸ್ಪತ್ರೆ ಡ್ಯೂಟಿ.

"ಕೋಣೆ ಮಾಲೀಕರು ಈ ತಿಂಗಳ ಕೊನೆವರೆಗೆ ಟೈಮ್ ಕೊಟ್ಟಿದಾರೆ" ಎಂದಳು. "ಪ್ರತಿ ಭಾನುವಾರ ಬರ್ತೀನಿ ಅಂತ ಒಬ್ಬ ಡಾಕ್ಟ್ರು ಬರ್ಕೊಡ್ಬೇಕು, ಇಲ್ಲಾ ಬಳಗಾನೇ ನಡೆಸುತ್ತೆ ಅಂತ ನಿರ್ಣಯ ಮಾಡಿ ಪತ್ರ ಕೊಡ್ಬೇಕು. ಎರಡೂ ಇಲ್ದಿದ್ರೆ ಟ್ಯೂಷನ್‌ನೋರಿಗೆ ಕೊಡ್ತಾರಂತೆ. ಒಬ್ಬೊಬ್ರನ್ನೂ ಕೇಳಿ ನೋಡ್ದೆ, ಯಾರೂ ಒಪ್ಪಲಿಲ್ಲ. ಅದಕ್ಕೇ ನಿರ್ಣಯ ತಂದಿದೀನಿ."

ನಿರ್ಣಯಕ್ಕೆ ಮೂವತ್ತು ಜನರ ಹಾಜರಿ ಬೇಕು. ಇನ್ನೂರು ಚಿಲ್ಲರೆ ಸದಸ್ಯರಿರುವ ಬಳಗ ಅದು, ಬರುವವರು ಇಪ್ಪತ್ತು, ಇಪ್ಪತ್ತೆರಡು. ಈ ಸಲ ಅವಳು ವಾರವಿಡೀ ಫೋನು ಮಾಡಿ, ಊಟಕ್ಕೆ ಹೋಳಿಗೆ ಇದೆ ಎಂದು ಆಸೆ ತೋರಿಸಿ, ಜನ ಸೇರಿಸಿದ್ದಳು. ಹಾಜರಿ ಪುಸ್ತಕ ತೆಗೆದು ಸಾಲು ಎಣಿಸಿದಳು. ಮುಖ ಅರಳಿತು.

"ಸರ್, ಮೂವತ್ತು! ಸರಿಯಾಗಿ ಮೂವತ್ತು!"

ಅಧ್ಯಕ್ಷ ಡಾಕ್ಟರ್ ಪ್ರಭುಸ್ವಾಮಿಯವರ ಕಣ್ಣು ಆಗಲೇ ಊಟದ ಕೋಣೆಯ ಕಡೆಗಿತ್ತು. "ಸರಿ ಕಣಮ್ಮ, ಹೆಸರು ಓದ್ಬುಡು, ಕೈ ಎತ್ಸಿ ಮುಗಿಸೋಣ" ಎಂದರು.

ಹಾಜರಿದ್ದವರ ಹೆಸರು ಓದಿ ಬರೆದುಕೊಳ್ಳುವುದು ಬಳಗದ ಹಳೆಯ ಪದ್ಧತಿ. ಯಾರೂ ಕೇಳಿಸಿಕೊಳ್ಳುವುದಿಲ್ಲ, ಆದರೂ ಓದುತ್ತಾರೆ. ಹೇಮಶ್ರೀ ಗಡಗಡ ಓದುತ್ತಾ ಹೋದಳು. "ಡಾಕ್ಟರ್ ನಿರಂಜನ್, ಡಾಕ್ಟರ್ ಲಾಸ್ಯ, ಡಾಕ್ಟರ್ ವೃಷಭೇಂದ್ರಪ್ಪ, ಡಾಕ್ಟರ್ ಏಕಾಂತಯ್ಯ..."

ಅಲ್ಲಿಗೆ ನಿಂತಳು.

ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿದ್ದ ವೃಷಭೇಂದ್ರಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬೆಳಿಗ್ಗೆ ಬಾಗಿಲಲ್ಲಿ ಪೆನ್ನು ಹಿಡಿದದ್ದು ನೆನಪಾಯಿತು. ತಮ್ಮ ಸಹಿ ಹಾಕಿ, ಕೈ ತಾನಾಗಿ ಕೆಳಗಿನ ಸಾಲಿಗೆ ಇಳಿದಿತ್ತು. ಅಯ್ಯೋ ಶಿವನೇ, ಸತ್ತವನ ಹೆಸರಿನಲ್ಲಿ ಸಹಿ ಹಾಕಿ, ಒಳಗೆ ಬಂದು, ಅವನಿಗೇ ಎದ್ದು ನಿಂತು ಕಣ್ಣು ಒರೆಸಿಕೊಂಡಿದ್ದರಲ್ಲ!

ಯಾರೂ ತಿರುಗಿ ನೋಡಲಿಲ್ಲ. ಯಾರ ಕೆಲಸ ಎಂದು ಎಲ್ಲರಿಗೂ ಗೊತ್ತಿತ್ತು.

ಪ್ರಭುಸ್ವಾಮಿಯವರೇ ದಾರಿ ಹುಡುಕಿದರು. "ಬುಡಮ್ಮ, ಅವನ ಕ್ಲಿನಿಕ್ ವಿಷಯ ತಾನೆ? ಅವನೂ ಬಂದು ಕೂತವ್ನೆ ಅಂದ್ಕೊಳ್ಳೋಣ. ಮೂವತ್ತು ಅಂತ ಬರ್ಕೊ."

"ಆಗಲ್ಲ ಸರ್" ಎಂದಳು ಹೇಮಶ್ರೀ. "ಅವರ ಕೆಲಸ ಉಳಿಸೋಕೆ ಅವರ ಹೆಸರಲ್ಲೇ ಸುಳ್ಳು ಬರೆಯೋದಾ? ನನ್ ಕೈಲಾಗಲ್ಲ." ಒಂದು ಗೆರೆ ಎಳೆದಳು. ಇಪ್ಪತ್ತೊಂಬತ್ತು. ಇನ್ನು ಮೂರು ತಿಂಗಳ ತನಕ ನಿರ್ಣಯವಿಲ್ಲ. ಅಷ್ಟರಲ್ಲಿ ಕೋಣೆ ಇರುವುದಿಲ್ಲ.

ವೃಷಭೇಂದ್ರಪ್ಪ ಎದ್ದರು. "ಹಾಕಿದ್ದು ನಾನು ಕಣಮ್ಮ" ಎಂದರು. "ರೂಢಿ. ಕೈ ಅದರ ಪಾಡಿಗೆ ಹಾಕ್ಬುಡ್ತು." ಅಷ್ಟು ಹೇಳಿ ಕೂತರು.

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಹೇಮಶ್ರೀ ಮಾತ್ರ ಮೇಜಿನ ಹತ್ತಿರ ಕೂತು ಮುಖ ಕೆಳಗೆ ಹಾಕಿ ಕಾಗದ ಜೋಡಿಸುತ್ತಿದ್ದಳು. ವೃಷಭೇಂದ್ರಪ್ಪ ಹೋಳಿಗೆಯ ಕಡೆ ತಿರುಗಿಯೂ ನೋಡದೆ ಅವಳ ಎದುರು ಬಂದು ನಿಂತರು. ಜನ್ಮದಲ್ಲಿ ಮೊದಲ ಸಲ ಇರಬೇಕು.

"ಆ ಮಾಲೀಕ್ರಿಗೆ ಒಬ್ಬ ಡಾಕ್ಟ್ರು ಬರ್ಕೊಟ್ರೂ ಸಾಕು ಅಂದ್ಯಲ್ಲಮ್ಮ. ಬಿಳಿ ಹಾಳೆ ಇದ್ರೆ ಕೊಡು."

ಮುಂದಿನ ಭಾನುವಾರ ಎಂಟೂವರೆಗೆ ಅವರು ಉದಯಗಿರಿಯಲ್ಲಿದ್ದರು. ಗ್ಯಾರೇಜಿನ ಮಗ್ಗುಲ ಕೋಣೆ. ಹೊರಗೆ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ. ಬಾಗಿಲು ತೆರೆದು ಕಸ ಹೊಡೆಯುತ್ತಿದ್ದವನು ಮೂಗಯ್ಯ, ಏಕಾಂತಯ್ಯನ ಕಾಲದಿಂದ ಚೀಟಿ ಬರೆದು ಮಾತ್ರೆ ಕೊಡುವವನು.

"ತಾವು ಯಾರು ಸಾ?"

"ವೃಷಭೇಂದ್ರಪ್ಪ. ಕಿವಿ ಡಾಕ್ಟ್ರು."

ಮೂಗಯ್ಯ ಪೊರಕೆ ಕೆಳಗಿಟ್ಟ. ಅವರನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದ. ಒಳಗೆ ಹೋಗಿ ರಟ್ಟಿನ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟ. "ಇಲ್ಲೂ ಹಾಜರಿ ಐತೆ ಸಾ. ಡಾಕ್ಟ್ರು ಮಡಗಿದ್ರು."

ವೃಷಭೇಂದ್ರಪ್ಪ ತೆರೆದರು. ಪ್ರತಿ ಭಾನುವಾರಕ್ಕೂ ಎರಡು ಸಾಲು. ಕೊನೆಯ ಮೂರು ತಿಂಗಳು ಬಿಟ್ಟರೆ ಮೊದಲ ಸಾಲಿನಲ್ಲಿ ಏಕಾಂತಯ್ಯನ ಸಹಿ. ಎರಡನೆಯ ಸಾಲಿನಲ್ಲಿ ಏಕಾಂತಯ್ಯನ ಅಕ್ಷರದಲ್ಲೇ 'ಡಾ. ವೃಷಭೇಂದ್ರಪ್ಪ, ಕಿವಿ ಮೂಗು ಗಂಟಲು', ಅದರ ಮುಂದೆ 'ಇನ್ನೂ ಬಂದಿಲ್ಲ'. ಹಾಳೆ ಮಗುಚಿದರು. ಇನ್ನೂ ಬಂದಿಲ್ಲ. ಮತ್ತೆ ಮಗುಚಿದರು. ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ. ತಾವು ಅಲ್ಲಿ ಬಾರದವನನ್ನು ಬಂದಿದ್ದಾನೆ ಎಂದು ಬರೆಯುತ್ತಿದ್ದ ಅಷ್ಟೂ ವರ್ಷ, ಅವನು ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ. ಬೈದಿರಲಿಲ್ಲ, ಹೆಸರನ್ನು ಹೊಡೆದು ಹಾಕಿಯೂ ಇರಲಿಲ್ಲ.

"ಹಳೇ ಪುಸ್ತಕಗಳು ಬೀರೂನಲ್ಲಿ ಅವೆ, ಹದಿನೇಳು" ಎಂದ ಮೂಗಯ್ಯ. "ಅವ್ರು ಹೋದ್ಮೇಲೆ ನಾನೇ ಬರ್ಕಂಡ್ ಬಂದಿವ್ನಿ. ಅಂಗೇ ಬರೀಬೇಕು, ಬಂದೇ ಬತ್ತಾನೆ ಅಂದಿದ್ರು."

ವೃಷಭೇಂದ್ರಪ್ಪನವರಿಗೆ ಅಳು ತಡೆಯಲಾಗಲಿಲ್ಲ. ಅರವತ್ತೇಳರ ಗಂಡಸು, ಬೆಂಚಿನ ಮೇಲಿನ ಜನರ ಎದುರಿಗೇ ಅತ್ತರು. ಆಮೇಲೆ ಕನ್ನಡಕ ಒರೆಸಿಕೊಂಡು ಪೆನ್ನು ತೆಗೆದರು. ಅವತ್ತಿನ ತಾರೀಕಿನ ಮುಂದೆ ಮೊದಲ ಸಾಲನ್ನು ಹಾಗೇ ಖಾಲಿ ಬಿಟ್ಟು, ಎರಡನೆಯದರಲ್ಲಿ ತಮ್ಮ ಸಹಿ ಹಾಕಿದರು. ಏಕಾಂತಯ್ಯನ ಸಹಿ ಬರುತ್ತಿದ್ದಷ್ಟು ಸಲೀಸಾಗಿ ಅದು ಬರಲಿಲ್ಲ.

"ಮೊದಲನೇವರನ್ನ ಕಳಿಸಪ್ಪ" ಎಂದರು.