ತೊಟ್ಟಿಲ ಗುಂಡಿನ ಮುಕ್ಕು

ಚಟ್ನಿ ಅರೆಯುವ ಗುಂಡುಕಲ್ಲನ್ನು ಸೊಂಟಕ್ಕೆ ಕಟ್ಟಿಕೊಂಡು, ತವರಿನಿಂದ ಭದ್ರಾ ಹೊಳೆ ಈಜಿ ಗಂಡನ ಮನೆಗೆ ಬಂದವಳು ನಾನು. ಅರ್ಧ ಸುಳ್ಳು ಎಂದುಕೋ. ದಾಟಿದ್ದು ದೋಣಿಯಲ್ಲಿ. ಗುಂಡು ಮಾತ್ರ ನಿಜ. ಊರವರು ಪೂರ್ತಿ ನಂಬಿದ್ದಾರೆ.

ಮಿಕ್ಸಿ ಬಂದ ಮೇಲೆ ಆ ಗುಂಡಿಗೆ ಒಂದೇ ಕೆಲಸ. ಹೆಸರಿಡುವ ದಿನ ಮಗುವಿಗಿಂತ ಮೊದಲು ಅದಕ್ಕೆ ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತೇವೆ, ಕೂಸು ಕಲ್ಲಿನಷ್ಟು ಗಟ್ಟಿಯಾಗಲಿ ಎಂದು. ಊನವಾದ ಕಲ್ಲು ಆಗದು. ಶುಕ್ರವಾರ ಮೊಮ್ಮಗನ ತೊಟ್ಟಿಲು. ಬುಧವಾರ ಅವನ ಅಕ್ಕ ಕೃತಿಕಾ ಬಂದು ಗುಂಡು ಕೇಳಿದಳು.

ಶಾಲೆಯ ವಸ್ತುಪ್ರದರ್ಶನಕ್ಕೆ ಆದಿಕಾಲದ ನಿಯಾಂಡರ್ತಲ್ ಜನರ ಕಲ್ಲಿನ ಚೂರಿ ಮಾಡಬೇಕಂತೆ. ಹೊಳೆಯ ಬೆಣಚುಕಲ್ಲನ್ನು ಸುತ್ತಿಗೆಯಿಂದ ಕುಟ್ಟಿ ಅಂಗಳಕ್ಕೆಲ್ಲ ಸಕ್ಕರೆ ಚೆಲ್ಲಿದ ಹಾಗೆ ಮಾಡಿದ್ದಳು.

"ಅವರ ಹತ್ರ ಸುತ್ತಿಗೆ ಇರಲಿಲ್ಲ ಅಜ್ಜಿ. ದುಂಡು ಕಲ್ಲಲ್ಲೇ ಹೊಡೀತಿದ್ರು."

"ನೀ ನೋಡಿದ್ಯ?"

"ಪುಸ್ತಕದಲ್ಲಿದೆ."

"ಮಕ್ಕಳಿಗೆ ಹೆಸರು ಇಡ್ತಿದ್ರಂತ?"

"ಅದು ಬರೆದಿಲ್ಲ."

"ಮತ್ತೆ ಎಂತ ಪುಸ್ತಕ ಮಾರಾಯ್ತಿ ಅದು. ತಗೋ, ಮೆಲ್ಲಗೆ ಹೊಡಿ. ಮುಕ್ಕಾದ್ರೆ ನಿನ್ನಮ್ಮ ನನ್ನನ್ನೇ ತೊಟ್ಟಿಲಲ್ಲಿ ಮಲಗಿಸ್ತಾಳೆ."

ಬೆಣಚಿನ ಅಂಚಿಗೆ ಓರೆಯಾಗಿ ಹೊಡೆದಳು. ವೀಳ್ಯದೆಲೆಯಷ್ಟು ತೆಳ್ಳಗಿನ ಚಕ್ಕೆ ಹಾರಿತು. ಅದರಲ್ಲಿ ಅಡಿಕೆ ಹಾಳೆ ಸೀಳಿದಳು, ಜೊತೆಗೆ ಗಾಳಿಯೂ ಎರಡು ಹೋಳಾಯಿತು. ಆಮೇಲೆ ನೋಡಿದರೆ ಗುಂಡಿನ ತಲೆಯಿಂದಲೂ ಉಗುರಿನಷ್ಟು ಹೋಗಿತ್ತು.

"ತಮ್ಮನಿಗೆ ಏನಾದ್ರೂ ಆಗ್ತದ ಅಜ್ಜಿ?" ಅವಳ ದನಿ ಸಣ್ಣದಾಯಿತು.

ನಾನು ಮುಕ್ಕಿನ ಮೇಲೆ ಬೆರಳಾಡಿಸಿದೆ. ಆ ಕಾಲದಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು. ಮುಕ್ಕಾದ ಕಲ್ಲನ್ನು ಎಸೆಯುತ್ತಿದ್ದಳೋ, ಕೈಗೆ ಒಗ್ಗಿದ್ದೆಂದು ಇಟ್ಟುಕೊಳ್ಳುತ್ತಿದ್ದಳೋ. ಕೆಲಸ ಮಾಡಿದ ಕಲ್ಲು ಮುಕ್ಕಾಗದೆ ಇರುತ್ತದೆಯೇ? ನನ್ನ ಹಲ್ಲುಗಳನ್ನೇ ನೋಡು.

"ಏನೂ ಆಗಲ್ಲ. ನೀ ಬಾಯಿ ಮುಚ್ಚಿಕೊಂಡಿರು" ಎಂದೆ.

ಶುಕ್ರವಾರ ಕುಲಾವಿಯನ್ನು ಬಿಗಿಯಾಗಿಯೇ ಕಟ್ಟಿದ್ದೆ. ಹೆಂಗಸರು ತೊಟ್ಟಿಲ ಮೇಲೊಮ್ಮೆ ಕೆಳಗೊಮ್ಮೆ ಗುಂಡನ್ನು ಕೈಯಿಂದ ಕೈಗೆ ದಾಟಿಸುವಾಗ, ಪಕ್ಕದ ಮನೆಯ ಪ್ರೇಮಕ್ಕನ ಕೈಯಲ್ಲಿ ಕುಲಾವಿ ಜಾರಿತು.

"ಇದೆಂತ, ಗುಂಡಪ್ಪನ ತಲೆ ಮುಕ್ಕಾಗಿದೆ?"

ಹಾಡು ನಿಂತಿತು. ಸೊಸೆ ಸರ್ವಮಂಗಳಾ ಮಗುವನ್ನು ಎದೆಗೆ ಅವುಚಿಕೊಂಡಳು. ಕೃತಿಕಾ ನನ್ನ ಸೆರಗು ಹಿಡಿದಳು.

ನಾನು ಗುಂಡನ್ನು ತೊಡೆಯ ಮೇಲಿಟ್ಟುಕೊಂಡು, ಹೊಳೆಯ ಕಡೆ ಕೈ ತೋರಿಸಿ, ನಾನು ಈಜಿ ಬಂದ ದಿನದ ಒಂದು ಮಾತು ಹೇಳಿದೆ. ಸರ್ವಮಂಗಳಾ ತಾನೇ ಬಂದು ಆ ಮುಕ್ಕಿಗೆ ಅರಿಸಿನ ಹಚ್ಚಿದಳು. ಗುಂಡು ತೊಟ್ಟಿಲು ಸೇರಿತು.

ಏನು ಹೇಳಿರಬಹುದು ನಾನು? ಹೇಳು ನೋಡುವ.